ಜರ್ಕ್ ಮಸಾಲೆಯಲ್ಲಿ ಮೀನು, ಮಾಂಸ: ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ಬ್ರಿಕ್ಸ್‌ಟನ್ ಹತ್ತಿರ ನಾನು ಒಂಬತ್ತು ವರ್ಷ ಇದ್ದೆ. ಪಕ್ಕದ ಮನೆಯವರು ಜಮೈಕಾದ ಪೋರ್ಟ್‌ಲ್ಯಾಂಡ್ ಕಡೆಯವರು. ಅವರನ್ನು ಆಂಟಿ ಅಂತಲೇ ಕರೆಯುತ್ತಿದ್ದೆ. ಜಮೈಕಾದವರೂ ದೊಡ್ಡವರನ್ನು ಹಾಗೇ ಕರೆಯುತ್ತಾರೆ. ಜರ್ಕ್ ಮಾಡುವುದನ್ನು ನಾನು ಕಲಿತದ್ದು ಅವರ ಹಿತ್ತಲಲ್ಲಿ, ಅವರ ಕೈ ನೋಡಿ. ಈಗ ಮಂಗಳೂರಿನಲ್ಲಿದ್ದೇನೆ. ನೆಂಟರು, ಗೆಳೆಯರು, ಅವರ ಗೆಳೆಯರು ಫೋನಿನಲ್ಲಿ, ಮೆಸೇಜಿನಲ್ಲಿ, ಊಟದ ಮಧ್ಯೆ ಕೇಳಿದ್ದನ್ನೇ ಕೇಳುತ್ತಾರೆ. ಅದನ್ನೆಲ್ಲ ಅವರು ಕೇಳಿದ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ.

## ಶುರುವಿನ ಪ್ರಶ್ನೆಗಳು

ಜರ್ಕ್ ಅಂದ್ರೆ ಏನು? ನಮ್ಮ ತಂದೂರಿ ತರಹನಾ?

ಅಲ್ಲ. ತಂದೂರಿಯಲ್ಲಿ ಮೊಸರು ಇರುತ್ತದೆ, ಬೆಂಕಿ ಜೋರಾಗಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಜರ್ಕ್ ನಿಧಾನದ ಅಡುಗೆ. ಪಿಮೆಂಟೋ ಅನ್ನುವ ಕಾಳು, ಸ್ಕಾಚ್ ಬಾನೆಟ್ ಅನ್ನುವ ಮೆಣಸಿನಕಾಯಿ, ಈರುಳ್ಳಿ ಸೊಪ್ಪು, ಥೈಮ್ ಅನ್ನುವ ಪರಿಮಳದ ಸೊಪ್ಪು ಹಾಕಿ ರುಬ್ಬಿದ ಮಸಾಲೆಯನ್ನು ಮಾಂಸಕ್ಕೆ ತಿಕ್ಕಿ, ಒಂದು ರಾತ್ರಿ ನೆನೆಸಿ, ಸಣ್ಣ ಕೆಂಡದ ಮೇಲೆ ಹೊಗೆಯಲ್ಲಿ ಬೇಯಿಸುತ್ತಾರೆ. ಮಸಾಲೆಯ ಹೆಸರೂ ಜರ್ಕ್, ಬೇಯಿಸುವ ರೀತಿಯ ಹೆಸರೂ ಜರ್ಕ್. ಎರಡೂ ಸೇರಿದರೆ ಮಾತ್ರ ಆ ರುಚಿ. ಬರೀ ಖಾರದ ಕೋಳಿ ಅಂದುಕೊಂಡು ಮಾಡಿದವರಿಗೆ ಯಾವಾಗಲೂ ಏನೋ ಕಡಿಮೆ ಅನ್ನಿಸುತ್ತದೆ. ಆ ಕಡಿಮೆ ಆಗಿರುವುದು ಪಿಮೆಂಟೋ ಮತ್ತು ಹೊಗೆ.

ಹೆಸರು ಯಾಕೆ ಹಾಗಿದೆ? ಇಂಗ್ಲಿಷಿನಲ್ಲಿ ಅದು ಬೈಗುಳ ಅಲ್ವಾ?

ಆ ಪದಕ್ಕೂ ಇದಕ್ಕೂ ಸಂಬಂಧ ಇಲ್ಲ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿ ಒಣಗಿಸಿದ ಮಾಂಸಕ್ಕೆ ಚಾರ್ಕಿ ಅನ್ನುತ್ತಾರೆ. ಅದು ಸ್ಪ್ಯಾನಿಷ್ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಜರ್ಕ್ ಆಯಿತು. ನಮ್ಮ ಉಪ್ಪುಕಂಡದ ಹಾಗೆ, ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುವ ಹಂದಿ ಮಾಂಸದ ಹಾಗೆ, ಮಾಂಸ ಕೆಡದಂತೆ ಇಟ್ಟುಕೊಳ್ಳುವ ಒಂದು ದಾರಿಯ ಹೆಸರು ಅದು. ಆಮೇಲೆ ಜಮೈಕಾದಲ್ಲಿ ಅದೇ ಹೆಸರು ಈ ಅಡುಗೆಗೆ ನಿಂತಿತು.

ಇದನ್ನು ಮೊದಲು ಮಾಡಿದವರು ಯಾರು?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.

ಜಮೈಕಾದಲ್ಲಿ ಮೊದಲಿದ್ದವರು ಟೈನೋ ಜನ. ಮಾಂಸವನ್ನು ಹಸಿ ಕೋಲುಗಳ ಅಟ್ಟದ ಮೇಲಿಟ್ಟು ಕೆಳಗಿನಿಂದ ಹೊಗೆ ಕೊಡುವುದು ಅವರ ಪದ್ಧತಿ. ಸ್ಪೇನಿನವರು ಬಂದರು, ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾಡಿದರು. 1655ರಲ್ಲಿ ಬ್ರಿಟಿಷರು ದ್ವೀಪವನ್ನು ಕಿತ್ತುಕೊಂಡಾಗ ಆ ಗದ್ದಲದಲ್ಲಿ ಎಷ್ಟೋ ಗುಲಾಮರು ತಪ್ಪಿಸಿಕೊಂಡು ಬೆಟ್ಟ ಹತ್ತಿದರು. ಆಮೇಲೆ ಕಬ್ಬಿನ ತೋಟಗಳಿಂದ ಓಡಿ ಬಂದವರೂ ಅವರನ್ನು ಸೇರಿಕೊಂಡರು. ಇವರೇ ಮರೂನ್ ಜನ. ಪೂರ್ವಕ್ಕೆ ಬ್ಲೂ ಮೌಂಟನ್ಸ್, ಪಶ್ಚಿಮಕ್ಕೆ ಕಾಕ್‌ಪಿಟ್ ಕಂಟ್ರಿ, ಇವು ಅವರ ನೆಲೆ. ಕಾಡಿನಲ್ಲಿ ಕಾಡುಹಂದಿ ಇತ್ತು, ಪಿಮೆಂಟೋ ಮರ ಇತ್ತು, ಮೆಣಸು ಇತ್ತು. ಬ್ರಿಟಿಷ್ ಸೈನಿಕರು ಹಿಂದೆ ಬಿದ್ದಿದ್ದರಿಂದ ಹೊಗೆ ಮೇಲೆ ಕಾಣಬಾರದು. ಅದಕ್ಕೆ ನೆಲದಲ್ಲಿ ಗುಂಡಿ ತೋಡಿ, ಮುಚ್ಚಿ, ನಿಧಾನಕ್ಕೆ ಬೇಯಿಸುತ್ತಿದ್ದರು ಅಂತ ಮರೂನರು ಇವತ್ತಿಗೂ ಹೇಳುತ್ತಾರೆ. ಉಪ್ಪು, ಖಾರ, ಹೊಗೆ ಮೂರೂ ಕುಡಿದ ಮಾಂಸ ದಿನಗಟ್ಟಲೆ ಕೆಡುತ್ತಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ನಡೆಯಬಹುದಿತ್ತು.

ಬ್ರಿಟಿಷರಿಗೆ ಅವರನ್ನು ಸೋಲಿಸಲು ಆಗಲಿಲ್ಲ. 1739ರಲ್ಲಿ ಕುಜೋ ಎಂಬ ಮರೂನ್ ನಾಯಕನ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಪೂರ್ವದ ಬೆಟ್ಟದ ನಾಯಕಿ ನ್ಯಾನಿ ಇವತ್ತು ಜಮೈಕಾದ ರಾಷ್ಟ್ರವೀರರಲ್ಲಿ ಒಬ್ಬಳು, ಆ ಸಾಲಿನಲ್ಲಿರುವ ಒಬ್ಬಳೇ ಹೆಂಗಸು. ಅಲ್ಲಿಯ 500 ಡಾಲರ್ ನೋಟಿನ ಮೇಲಿರುವುದು ಅವಳ ಮುಖ. ಆಂಟಿ ಪರ್ಸಿನಲ್ಲಿ ಆ ನೋಟು ಒಂದನ್ನು ಮಡಚಿ ಇಟ್ಟುಕೊಂಡಿದ್ದರು. ಖರ್ಚು ಮಾಡಲು ಅಲ್ಲ.

ಯಾರ ಹಂಗೂ ಇಲ್ಲದೆ ತಾವೇ ಬಿಡುಗಡೆ ಪಡೆದ ಜನರ ಊಟ ಇದು. ಮಾಡುವವರಿಗೆ ಇಷ್ಟು ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ತುಂಬಾ ಖಾರನಾ? ಮಕ್ಕಳು ತಿಂತಾರಾ?

ಸ್ಕಾಚ್ ಬಾನೆಟ್ ಖಾರವೇ, ಅದರಲ್ಲಿ ಎರಡು ಮಾತಿಲ್ಲ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 1 ಲಕ್ಷದಿಂದ 3.5 ಲಕ್ಷದವರೆಗೆ ಹೋಗುತ್ತದೆ. ಆದರೆ ಒಳ್ಳೆಯ ಜರ್ಕ್‌ನಲ್ಲಿ ಬರೀ ಖಾರ ನಾಲಿಗೆಗೆ ಹೊಡೆಯುವುದಿಲ್ಲ. ಮೊದಲು ಹೊಗೆ, ಆಮೇಲೆ ಲವಂಗದಂಥ ಘಮ, ಸ್ವಲ್ಪ ಸಿಹಿ, ಕೊನೆಗೆ ಖಾರ. ಮಕ್ಕಳಿಗಾದರೆ ಮೆಣಸನ್ನು ಸೀಳಿ ಒಳಗಿನ ಬಿಳಿ ನಾರು ತೆಗೆದು ಬರೀ ತೊಗಟೆ ರುಬ್ಬಿ. ಖಾರ ಕೂತಿರುವುದು ಆ ನಾರಿನಲ್ಲಿ. ಬೀಜಕ್ಕೆ ಖಾರ ಹತ್ತುವುದು ಅದನ್ನು ಅಂಟಿಕೊಂಡಿರುವುದರಿಂದ. ಮೆಣಸು ಕಡಿಮೆ ಮಾಡಿ ಪರವಾಗಿಲ್ಲ, ಪಿಮೆಂಟೋ ಮಾತ್ರ ಕಡಿಮೆ ಮಾಡಬೇಡಿ.

## ಮಸಾಲೆ

ಪಿಮೆಂಟೋ ಅಂತ ಅಂಗಡಿಯಲ್ಲಿ ಕೇಳಿದ್ರೆ ಏನೇನೋ ಕೊಡ್ತಾರೆ. ಅದು ಯಾವ್ದು?

ನಮ್ಮಲ್ಲಿ ಆಲ್‌ಸ್ಪೈಸ್ ಅಂತ ಕೇಳಿ. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡ, ಕಂದು ಬಣ್ಣದ ದುಂಡನೆಯ ಕಾಳು. ಕೊಲಂಬಸ್ ಕಾಲದ ಸ್ಪೇನಿನವರು ಇದನ್ನು ಕಾಳುಮೆಣಸು ಅಂದುಕೊಂಡು ಪಿಮಿಯೆಂಟಾ ಅಂದರು. ಅದೇ ಜಮೈಕಾದಲ್ಲಿ ಪಿಮೆಂಟೋ ಆಗಿ ಉಳಿಯಿತು. ಮಲೆನಾಡು, ಕೊಡಗು, ಕರಾವಳಿಯ ಕೆಲವು ತೋಟಗಳಲ್ಲಿ ಈ ಗಿಡ ಇದೆ. ನಮ್ಮವರು ಎಲೆಯನ್ನು ಪಲಾವಿಗೆ ಹಾಕುತ್ತಾರೆ.

ಒಂದು ಕಡೆ ಎಚ್ಚರ ಬೇಕು. ಕೆಲವು ಅಂಗಡಿಗಳಲ್ಲಿ ಕಬಾಬ್ ಚೀನಿ ಅಂತ ಕೊಡುತ್ತಾರೆ. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಳು ಮಾರುತ್ತಾರೆ. ಕಾಳಿಗೆ ಸಣ್ಣ ಬಾಲ ಇದ್ದರೆ ಅದು ಬಾಲಮೆಣಸು, ನಮಗೆ ಬೇಕಾದ್ದಲ್ಲ. ಬಾಲ ಇಲ್ಲದ್ದನ್ನು ಆರಿಸಿ. ಒಂದು ಕಾಳು ಹಲ್ಲಲ್ಲಿ ಕಡಿದು ನೋಡಿ. ಲವಂಗ, ಚಕ್ಕೆ, ಜಾಯಿಕಾಯಿ ಮೂರೂ ಒಟ್ಟಿಗೆ ಬಂದ ಹಾಗಿದ್ದರೆ ಸರಿಯಾದದ್ದು. ಲವಂಗದಲ್ಲಿರುವ ಯೂಜೆನಾಲ್ ಎಣ್ಣೆಯೇ ಇದರಲ್ಲೂ ಇರುವುದರಿಂದ ಆ ವಾಸನೆ. ಪುಡಿ ತರಬೇಡಿ, ಕಾಳು ತಂದು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಅವತ್ತೇ ಕುಟ್ಟಿ. ಎಲ್ಲೂ ಸಿಗದಿದ್ದರೆ ಒಂದು ಚಮಚ ಪುಡಿಯ ಜಾಗಕ್ಕೆ ಅರ್ಧ ಚಮಚ ಚಕ್ಕೆ ಪುಡಿ, ಕಾಲು ಲವಂಗ, ಕಾಲು ಜಾಯಿಕಾಯಿ. ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ.

ಸ್ಕಾಚ್ ಬಾನೆಟ್ ಸಿಗಲ್ಲ. ಬ್ಯಾಡಗಿ ಹಾಕ್ಲಾ?

ಬ್ಯಾಡಗಿ ಬೇಡ. ಅದರ ಗುಣ ಬಣ್ಣ. ಜರ್ಕ್‌ಗೆ ಕೆಂಪು ಬಣ್ಣ ಬೇಕಾಗಿಲ್ಲ, ಅದು ಕಂದು, ಕಪ್ಪು ಆಗಬೇಕು. ಸ್ಕಾಚ್ ಬಾನೆಟ್‌ಗೆ ಖಾರದ ಜೊತೆಗೆ ಮಾಗಿದ ಹಣ್ಣಿನ ಪರಿಮಳ ಇದೆ, ಅದನ್ನು ಕೊಡುವುದು ಅದರ ಜಾತಿಯ ಮೆಣಸುಗಳೇ. ಬೆಂಗಳೂರಿನ ಕೆಲವು ದೊಡ್ಡ ತರಕಾರಿ ಅಂಗಡಿಗಳಲ್ಲಿ ಹಬನೇರೋ ಸಿಗುತ್ತದೆ, ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಈಶಾನ್ಯದ ಭೂತ್ ಜೊಲೋಕಿಯಾ. ಅದು ಇದರ ನೆಂಟನೇ, ಆದರೆ 10 ಲಕ್ಷ ಸ್ಕೋವಿಲ್ ದಾಟುತ್ತದೆ. ಒಂದು ಕೆ.ಜಿ. ಮಾಂಸಕ್ಕೆ ಒಂದು ಕಾಯಿಯ ಕಾಲು ಭಾಗ ಸಾಕು, ಅದಕ್ಕಿಂತ ಹಾಕಬೇಡಿ. ಯಾವುದೂ ಇಲ್ಲ ಅಂದರೆ ಜೀರಿಗೆ ಮೆಣಸು ಹಾಕಿ. ಖಾರ ಸಿಗುತ್ತದೆ, ಪರಿಮಳ ಸಿಗುವುದಿಲ್ಲ.

ಹೆಚ್ಚುವಾಗ ಕೈಗೆ ಗ್ಲೌಸ್ ಹಾಕಿ. ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಬರೀ ನೀರಿಗೆ ಖಾರ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ.

ಥೈಮ್ ಬದಲು ಕೊತ್ತಂಬರಿ ಸೊಪ್ಪು ನಡೆಯುತ್ತಾ?

ನಡೆಯುವುದಿಲ್ಲ, ರುಚಿ ಪೂರ್ತಿ ಬೇರೆ ಕಡೆಗೆ ಹೋಗುತ್ತದೆ. ಹಿತ್ತಲಲ್ಲಿ ದೊಡ್ಡಪತ್ರೆ ಇದೆಯಾ? ಕೆರಿಬಿಯನ್ ದ್ವೀಪಗಳಲ್ಲಿ ಅದೇ ಗಿಡವನ್ನು ಸ್ಪ್ಯಾನಿಷ್ ಥೈಮ್ ಅಂತ ಕರೆದು ಮಾಂಸ, ಮೀನಿಗೆ ಹಾಕುತ್ತಾರೆ. ನನಗೆ ಇದು ಗೊತ್ತಾದ ದಿನ ತುಂಬಾ ಖುಷಿ ಆಯಿತು, ನಮ್ಮಜ್ಜಿ ತಂಬುಳಿ ಮಾಡುತ್ತಿದ್ದ ಎಲೆ ಅದು. ಒಂದು ಕೆ.ಜಿ.ಗೆ ಮೂರು ಎಲೆ ಸಾಕು, ಘಾಟು ಜಾಸ್ತಿ. ಅದೂ ಇಲ್ಲದಿದ್ದರೆ ಎರಡು ಚಿಟಿಕೆ ಓಮ. ಥೈಮ್‌ನಲ್ಲಿರುವ ಥೈಮಾಲ್ ಓಮದಲ್ಲೂ ಇದೆ.

ಒಂದು ಕೆ.ಜಿ. ಕೋಳಿಗೆ ಸರಿಯಾದ ಅಳತೆ ಕೊಡಿ, ಅಂದಾಜು ಬೇಡ.

ಆಲ್‌ಸ್ಪೈಸ್ ಕಾಳು ಒಂದು ದೊಡ್ಡ ಚಮಚ, ಕಾಳುಮೆಣಸು ಒಂದು ಸಣ್ಣ ಚಮಚ, ಎರಡನ್ನೂ ಬೆಚ್ಚಗೆ ಮಾಡಿ ಕುಟ್ಟಿಕೊಳ್ಳಿ. ಈರುಳ್ಳಿ ಸೊಪ್ಪು ಐದಾರು ಕಡ್ಡಿ, ಬಿಳಿ ಭಾಗ ಹಸಿರು ಭಾಗ ಎರಡೂ. ಸ್ಕಾಚ್ ಬಾನೆಟ್ ಅಥವಾ ಹಬನೇರೋ ಎರಡು. ಬೆಳ್ಳುಳ್ಳಿ ಆರು ಎಸಳು, ಶುಂಠಿ ಒಂದು ಇಂಚು, ತಾಜಾ ಥೈಮ್ ಎಂಟು ಹತ್ತು ಕಡ್ಡಿ, ಒಣಗಿದ್ದಾದರೆ ಎರಡು ಸಣ್ಣ ಚಮಚ. ಜಾಯಿಕಾಯಿ ಪುಡಿ ಕಾಲು ಚಮಚ, ಚಕ್ಕೆ ಪುಡಿ ಕಾಲು ಚಮಚ. ಕಂದು ಸಕ್ಕರೆ ಅಥವಾ ಪುಡಿ ಮಾಡಿದ ಬೆಲ್ಲ ಒಂದು ದೊಡ್ಡ ಚಮಚ. ಸೋಯಾ ಸಾಸ್ ಎರಡು ದೊಡ್ಡ ಚಮಚ, ಎಣ್ಣೆ ಎರಡು ದೊಡ್ಡ ಚಮಚ, ಒಂದು ನಿಂಬೆಹಣ್ಣಿನ ರಸ. ಉಪ್ಪು ಒಂದೂವರೆ ಸಣ್ಣ ಚಮಚ, ಸೋಯಾದಲ್ಲೂ ಉಪ್ಪು ಇರುವುದರಿಂದ ಇಷ್ಟೇ.

ಗಂಧದ ಹಾಗೆ ನುಣ್ಣಗೆ ರುಬ್ಬಬೇಡಿ, ತರಿತರಿಯಾಗಿರಲಿ. ನೀರು ಹಾಕಲೇಬೇಡಿ. ಸೋಯಾ ಸಾಸ್ ಹಳೆಯ ಕಾಲದ್ದಲ್ಲ, ಆಮೇಲೆ ಸೇರಿದ್ದು. ಇವತ್ತು ಜಮೈಕಾದ ಎಷ್ಟೋ ಮನೆಗಳಲ್ಲಿ ಅದಿಲ್ಲದೆ ಮಾಡುವುದಿಲ್ಲ. ಅರಿಶಿನ, ಧನಿಯಾ, ಗರಂ ಮಸಾಲೆಗೆ ಕೈ ಹೋಗುತ್ತದೆ, ನನಗೆ ಗೊತ್ತು. ಹಾಕಬೇಡಿ.

ಬಾಟಲಿಯಲ್ಲಿ ಸಿಗೋ ಮಸಾಲೆ ಪರವಾಗಿಲ್ವಾ?

ಜಮೈಕಾದಲ್ಲೇ ತಯಾರಾದದ್ದು ಸಿಕ್ಕರೆ ಧಾರಾಳವಾಗಿ ಬಳಸಿ. ಸೇಂಟ್ ಆನ್ ಪ್ಯಾರಿಷ್‌ನ ವಾಕರ್ಸ್‌ವುಡ್ ಹಳ್ಳಿಯ ಹೆಸರಿನಲ್ಲೇ ಬರುವ ಗಟ್ಟಿ ಮಸಾಲೆಯನ್ನು ಲಂಡನ್ನಿನ ಜಮೈಕಾದವರೇ ಮನೆಗೆ ತರುತ್ತಾರೆ. ಅದರಲ್ಲಿ ಉಪ್ಪು ಜಾಸ್ತಿ, ಬೇರೆ ಉಪ್ಪು ಬೇಡ. ಒಂದು ಕೆ.ಜಿ.ಗೆ ಎರಡು ಮೂರು ದೊಡ್ಡ ಚಮಚ, ಜೊತೆಗೆ ಒಂದಿಷ್ಟು ಹಸಿ ಈರುಳ್ಳಿ ಸೊಪ್ಪು, ನಿಂಬೆರಸ ಸೇರಿಸಿದರೆ ಜೀವ ಬರುತ್ತದೆ. ಆದರೆ ಬಾಟಲಿ ಕೊಳ್ಳುವಾಗ ಹಿಂದೆ ಓದಿ. ಪಿಮೆಂಟೋ ಅಥವಾ ಆಲ್‌ಸ್ಪೈಸ್ ಹೆಸರೇ ಇಲ್ಲದಿದ್ದರೆ ವಾಪಸ್ ಇಡಿ.

ರುಬ್ಬಿದ್ದು ಎಷ್ಟು ದಿನ ಇರುತ್ತೆ?

ಗಾಜಿನ ಶೀಶೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ. ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಟ್ಟರೆ ಮೂರು ತಿಂಗಳು. ಹೊರಗೆ ಇಡಬೇಡಿ.

## ಮಾಂಸ

ಕೋಳಿಯ ಯಾವ ಭಾಗ ತರೋದು? ಎಷ್ಟು ಹೊತ್ತು ನೆನೆಸೋದು?

ತೊಡೆ, ಕಾಲು. ಮೂಳೆ ಸಮೇತ, ಚರ್ಮ ಸಮೇತ. ನಮ್ಮ ಕೋಳಿ ಅಂಗಡಿಯಲ್ಲಿ ಹೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ, ಮೊದಲೇ ಹೇಳಿ. ಚರ್ಮದ ಕೊಬ್ಬು ಕರಗಿ ಕೆಂಡಕ್ಕೆ ಬಿದ್ದು ಏಳುವ ಹೊಗೆಯೇ ಅರ್ಧ ರುಚಿ. ಎದೆಯ ಮಾಂಸ ಬೇಗ ಒಣಗುತ್ತದೆ. ಮೂಳೆವರೆಗೆ ಎರಡು ಮೂರು ಗೀರು ಹಾಕಿ, ಮಸಾಲೆಯನ್ನು ಗೀರಿನ ಒಳಗೆ, ಚರ್ಮದ ಅಡಿಗೆ ಬೆರಳಿನಿಂದ ತುಂಬಿ. ಕನಿಷ್ಠ ಒಂದು ರಾತ್ರಿ, ಹೆಚ್ಚೆಂದರೆ 24 ಗಂಟೆ, ಫ್ರಿಜ್ಜಿನಲ್ಲಿ. ಬೇಯಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ.

ಹೊರಗೆ ಕರಕಲು, ಒಳಗೆ ಹಸಿ. ಪ್ರತಿ ಸಲ ಹೀಗೇ ಆಗುತ್ತೆ, ಯಾಕೆ?

ಬೆಂಕಿ ಜಾಸ್ತಿ. ನನಗೂ ಮೊದಲ ಸಲ ಹೀಗೇ ಆಯಿತು. ಮಸಾಲೆಯಲ್ಲಿ ಸಕ್ಕರೆ ಇದೆ, ಹಸಿ ಸೊಪ್ಪು ಇದೆ, ನೇರ ಕೆಂಡದ ಮೇಲಿಟ್ಟರೆ ಐದು ನಿಮಿಷದಲ್ಲಿ ಸುಟ್ಟು ಕಹಿಯಾಗುತ್ತದೆ. ಆಂಟಿ ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು, ಇದ್ದಿಲನ್ನೆಲ್ಲ ಡ್ರಮ್ಮಿನ ಒಂದು ಪಕ್ಕಕ್ಕೆ ತಳ್ಳಿದರು. ತುಂಡುಗಳನ್ನು ಇನ್ನೊಂದು ಪಕ್ಕಕ್ಕೆ ಇಟ್ಟು ಮುಚ್ಚಳ ಹಾಕಿದರು. ಹೊಗೆ ದಪ್ಪಗೆ ಬಿಳಿಯಾಗಿದ್ದರೆ ಕಾಯಬೇಕು, ತೆಳ್ಳಗೆ ನೀಲಿಯಾದ ಮೇಲೆ ಮಾಂಸ ಇಡಬೇಕು ಅಂತ ತೋರಿಸಿದರು. ಆಮೇಲೆ ಮುಚ್ಚಳದ ಪಕ್ಕ ಕಿವಿ ಇಟ್ಟು ಕೇಳು ಅಂದರು. ಕೊಬ್ಬು ಒಂದೊಂದೇ ಹನಿಯಾಗಿ ಬಿದ್ದು ಚುಂಯ್ ಅನ್ನುತ್ತಿರಬೇಕು. ಚಟಪಟ ಅಂತ ಒಂದೇ ಸಮನೆ ಸಿಡಿಯುತ್ತಿದ್ದರೆ ಬೆಂಕಿ ಜಾಸ್ತಿ ಅಂತ ಅರ್ಥ. ನಾನು ಈಗಲೂ ಮುಚ್ಚಳ ತೆಗೆದು ನೋಡುವುದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳುತ್ತೇನೆ.

ಹೀಗೆ 45 ನಿಮಿಷದಿಂದ ಒಂದು ಗಂಟೆ. ನಡುವೆ ಎರಡು ಮೂರು ಸಲ ಮಗುಚಿ. ಕೊನೆಯ ಐದು ನಿಮಿಷ ಮಾತ್ರ ಕೆಂಡದ ಮೇಲೆ ತಂದು ಚರ್ಮ ಗರಿಗರಿ ಮಾಡಿ. ಥರ್ಮಾಮೀಟರ್ ಇದ್ದರೆ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತೊಡೆ 80ಕ್ಕೆ ಹೋದರೆ ಇನ್ನೂ ಮೆತ್ತಗೆ.

ಹಂದಿ ಮಾಂಸಕ್ಕೆ ಇದೇ ಮಸಾಲೆನಾ?

ಇದೇ. ನಿಜ ಹೇಳಬೇಕೆಂದರೆ ಜರ್ಕ್ ಹುಟ್ಟಿದ್ದೇ ಹಂದಿಗೆ. ಕೋಳಿ ಆಮೇಲೆ ಬಂದು ಹೆಸರು ಮಾಡಿತು. ಹೆಗಲಿನ ಭಾಗ ತನ್ನಿ, ಕೊಬ್ಬು ಇರಲಿ. ಮೂರು ಇಂಚು ದಪ್ಪದ ಪಟ್ಟಿಗಳಾಗಿ ಕತ್ತರಿಸಿ 24 ಗಂಟೆ ನೆನೆಸಿ. ಓವನ್ ಆದರೆ 150 ಡಿಗ್ರಿಯಲ್ಲಿ ಮುಚ್ಚಿ ಎರಡೂವರೆ ಮೂರು ಗಂಟೆ, ಆಮೇಲೆ ತೆರೆದು ಜೋರು ಬಿಸಿಯಲ್ಲಿ ಹತ್ತು ನಿಮಿಷ. ನಮ್ಮಲ್ಲಿ ಹಂದಿಯನ್ನು ಪೂರ್ತಿ ಬೇಯಿಸಿಯೇ ತಿನ್ನಬೇಕು, ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಮಡಿಕೇರಿಯ ಗೆಳತಿಯೊಬ್ಬಳು ನಿಂಬೆ ಬದಲು ಕಾಚಂಪುಳಿ ಹಾಕಿ ಮಾಡಿದ್ದಳು. ಬಹಳ ರುಚಿಯಾಗಿತ್ತು, ಆದರೆ ಬಾಯಿಗೆ ಇಟ್ಟ ಕೂಡಲೇ ಪಂದಿ ಕರಿ ನೆನಪಾಯಿತು. ಜರ್ಕ್ ಬೇಕಿದ್ದರೆ ನಿಂಬೆಯೇ ಇರಲಿ.

ಮಟನ್ ಜರ್ಕ್ ಮಾಡಬಹುದಾ?

ಎಳೆ ಕುರಿಯ ತೊಡೆ ಸಿಕ್ಕರೆ ಮಾಡಬಹುದು. ಬಲಿತ ಮೇಕೆ ಹೊಗೆಯಲ್ಲಿ ಬೇಯುವಷ್ಟರಲ್ಲಿ ನಾರಾಗುತ್ತದೆ. ಜಮೈಕಾದವರು ಕೂಡ ಮೇಕೆಯನ್ನು ಹೆಚ್ಚಾಗಿ ಕರಿ ಮಾಡುತ್ತಾರೆ, ಕರಿ ಗೋಟ್ ಅನ್ನುವುದು ಅವರ ಮದುವೆ ಮುಂಜಿಯ ಊಟ. ಅದು ಅಲ್ಲಿಗೆ ಬಂದದ್ದು ನಮ್ಮ ದೇಶದಿಂದ. 1845ರ ಮೇ 10ರಂದು ಬ್ಲಂಡೆಲ್ ಎಂಬ ಹಡಗು ಭಾರತದ ಕೂಲಿಯಾಳುಗಳನ್ನು ಹೊತ್ತು ಜಮೈಕಾದ ಓಲ್ಡ್ ಹಾರ್ಬರ್ ಬೇ ತಲುಪಿತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಗಿತ್ತು, ಕರಾರಿನ ಮೇಲೆ ಇವರನ್ನು ತಂದರು. ಅವರ ಜೊತೆ ಹೋದ ಮಸಾಲೆ ಅಲ್ಲಿಯೇ ನೆಲೆ ನಿಂತಿತು. ಮಟನ್ ಇದ್ದರೆ ನಾನು ಅವರ ಕರಿಯನ್ನೇ ಮಾಡುತ್ತೇನೆ.

ನೆನೆಸಿದ ಮಸಾಲೆ ಪಾತ್ರೆಯಲ್ಲಿ ಉಳಿಯುತ್ತೆ, ಅದನ್ನೇ ಸಾಸ್ ಮಾಡಲಾ?

ಹಸಿ ಮಾಂಸ ಮುಟ್ಟಿದ್ದನ್ನು ಹಾಗೇ ಬಡಿಸಬೇಡಿ. ಸ್ವಲ್ಪ ನೀರು, ಒಂದು ಚಮಚ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ, ಐದು ನಿಮಿಷವಾದರೂ ಕುದಿಯಲಿ. ಇನ್ನೂ ಒಳ್ಳೆಯದು, ರುಬ್ಬಿದ ಕೂಡಲೇ ಎರಡು ಚಮಚ ಬೇರೆ ತೆಗೆದಿಡಿ.

## ಮೀನು

ಯಾವ ಮೀನಿಗೆ ಚೆನ್ನಾಗಿರುತ್ತೆ? ಬಂಗುಡೆಗೆ ಹಾಕಬಹುದಾ?

ಬಂಗುಡೆಗೆ ಹೇಳಿ ಮಾಡಿಸಿದ ಹಾಗಿದೆ. ಎಣ್ಣೆ ಇರುವ ಗಟ್ಟಿ ಮೀನು ಹೊಗೆಯನ್ನೂ ಖಾರವನ್ನೂ ತಡೆದುಕೊಳ್ಳುತ್ತದೆ. ಜಮೈಕಾದಲ್ಲಿ ಸ್ನ್ಯಾಪರ್, ಕಿಂಗ್‌ಫಿಶ್ ಜಾಸ್ತಿ. ಸ್ನ್ಯಾಪರ್ ಅಂದರೆ ನಮ್ಮ ಕೆಂಬೇರಿಯ ಬಳಗ. ಅವರ ಕಿಂಗ್‌ಫಿಶ್ ನಮ್ಮ ಅಂಜಲ್‌ನ ಹತ್ತಿರದ ಸಂಬಂಧಿ. ಕಾಣೆ, ಮಾಂಜಿಯಂಥ ನಾಜೂಕಿನ ಮೀನಿಗೆ ಈ ಮಸಾಲೆ ಹಾಕಿದರೆ ಮೀನಿನ ರುಚಿಯೇ ಮುಳುಗಿಹೋಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ ಸುಮ್ನೆ ರವೆ ಫ್ರೈ ಮಾಡಿ ತಿನ್ನಿ.

ಮೀನಿಗೆ ಮಸಾಲೆ ಅರ್ಧ ಹಾಕಿ, ಸೋಯಾ ಸಾಸ್ ಒಂದೇ ಚಮಚ. ನೆನೆಸುವುದು ಅರ್ಧ ಗಂಟೆ, ಅಷ್ಟೇ. ರಾತ್ರಿಯಿಡೀ ಇಟ್ಟರೆ ನಿಂಬೆಯ ಹುಳಿಗೆ ಮೀನು ಬೆಂದ ಹಾಗೆ ಬೆಳ್ಳಗಾಗಿ, ಒಲೆ ಮೇಲೆ ಪುಡಿಪುಡಿಯಾಗುತ್ತದೆ. ಮುಕ್ಕಾಲು ಜನ ತಪ್ಪುವುದು ಇಲ್ಲೇ.

ಮಗುಚುವಾಗ ಮೀನು ಮುರಿಯುತ್ತೆ, ಕಂಬಿಗೆ ಅಂಟುತ್ತೆ.

ಎರಡು ದಾರಿ ಇದೆ. ಬಂಗುಡೆ, ಅಂಜಲ್ ತುಂಡಾದರೆ ಕಂಬಿ ಚೆನ್ನಾಗಿ ಕಾದಿರಬೇಕು, ಎಣ್ಣೆ ಸವರಿರಬೇಕು, ಮೀನಿನ ಮೇಲಿನ ದಪ್ಪ ಮಸಾಲೆಯನ್ನು ಒರೆಸಿ ತೆಗೆದಿರಬೇಕು. ಇಟ್ಟ ಮೇಲೆ ಮುಟ್ಟಬೇಡಿ. ತಾನಾಗಿ ಬಿಟ್ಟುಕೊಂಡಾಗ ಮಾತ್ರ ಒಂದೇ ಸಲ ಮಗುಚಿ. ಅಂಜಲ್‌ನ ಮುಕ್ಕಾಲು ಇಂಚಿನ ತುಂಡಿಗೆ ಒಂದೊಂದು ಬದಿ ನಾಲ್ಕು ನಿಮಿಷ.

ಇಡೀ ಕೆಂಬೇರಿಯಾದರೆ ಜಮೈಕಾದ ಕಡಲ ತೀರದವರ ಹಾಗೆ ಫಾಯಿಲ್‌ನಲ್ಲಿ ಕಟ್ಟಿ. ಹೊಟ್ಟೆಯೊಳಗೆ ಅವರು ಕಲಲೂ ಸೊಪ್ಪು, ಬೆಂಡೆಕಾಯಿ, ಈರುಳ್ಳಿ, ಒಂದು ತುಂಡು ಬೆಣ್ಣೆ ತುಂಬುತ್ತಾರೆ. ಅವರ ಕಲಲೂ ನಮ್ಮ ದಂಟಿನ ಸೊಪ್ಪಿನ ಜಾತಿಯದು, ಹಾಗಾಗಿ ಹುಡುಕಬೇಕಾಗಿಲ್ಲ. ನಾನು ಒಳಗೆ ಬಾಳೆ ಎಲೆ, ಹೊರಗೆ ಫಾಯಿಲ್ ಹಾಕುತ್ತೇನೆ. ಒಂದು ಕೆ.ಜಿ. ಮೀನಿಗೆ ಹದವಾದ ಕೆಂಡದಲ್ಲಿ 25ರಿಂದ 30 ನಿಮಿಷ. ಬಿಚ್ಚಿದಾಗ ಬೆಂಡೆಕಾಯಿಯ ಲೋಳೆ, ಮೀನಿನ ರಸ, ಬೆಣ್ಣೆ, ಖಾರ ಎಲ್ಲ ಸೇರಿ ಎಲೆಯ ಮಡಿಕೆಯಲ್ಲಿ ನಿಂತಿರುತ್ತದೆ. ಅದನ್ನು ಚೆಲ್ಲದೆ ತಟ್ಟೆಗೆ ಬಗ್ಗಿಸಿಕೊಳ್ಳಿ.

ಸಿಗಡಿ?

ದೊಡ್ಡದು, ಸಿಪ್ಪೆ ಸಮೇತ. ಬೆನ್ನು ಸೀಳಿ ಕಪ್ಪು ನರ ತೆಗೆದು 15 ನಿಮಿಷ ನೆನೆಸಿ, ಒಂದೊಂದು ಬದಿ ಎರಡು ನಿಮಿಷ.

## ಬೆಂಕಿ, ಹೊಗೆ

ಫ್ಲಾಟ್‌ನಲ್ಲಿದ್ದೀವಿ, ಗ್ಯಾಸ್ ಒಲೆ ಬಿಟ್ರೆ ಏನಿಲ್ಲ. ಬಿಟ್ಟುಬಿಡ್ಲಾ?

ಬಿಡಬೇಡಿ. ದಪ್ಪ ತಳದ ಬೀಡಿನ ಕಾವಲಿ ಅಥವಾ ಬಾಣಲೆಯಲ್ಲಿ ಚರ್ಮದ ಬದಿ ಕೆಳಗೆ ಮಾಡಿ, ಸಣ್ಣ ಉರಿಯಲ್ಲಿ ಮುಚ್ಚಿ 35ರಿಂದ 40 ನಿಮಿಷ ಬೇಯಿಸಿ. ಓವನ್ ಇದ್ದರೆ 180 ಡಿಗ್ರಿ, 45 ನಿಮಿಷ. ಆಮೇಲೆ ಹೊಗೆ. ಒಂದು ತುಂಡು ಇದ್ದಿಲನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ, ಸಣ್ಣ ಸ್ಟೀಲ್ ಬಟ್ಟಲಿನಲ್ಲಿಟ್ಟು ಕೋಳಿಯ ಮಧ್ಯೆ ಇಡಿ. ಅದರ ಮೇಲೆ ಜಜ್ಜಿದ ಆಲ್‌ಸ್ಪೈಸ್ ಹತ್ತು ಕಾಳು, ನಾಲ್ಕು ಹನಿ ಎಣ್ಣೆ ಹಾಕಿ ಕೂಡಲೇ ಮುಚ್ಚಳ ಮುಚ್ಚಿ. ಏಳು ನಿಮಿಷ ಸಾಕು. ತುಪ್ಪ ಹಾಕಬೇಡಿ, ಬಿರಿಯಾನಿ ವಾಸನೆ ಬಂದುಬಿಡುತ್ತದೆ. ಕಿಟಕಿ ತೆರೆದಿರಲಿ. ಇದ್ದಿಲಿನ ಒಲೆಯನ್ನು ಮಾತ್ರ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಯಾವತ್ತೂ ಹೊತ್ತಿಸಬೇಡಿ. ಅದರಿಂದ ಬರುವ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.

ಪಿಮೆಂಟೋ ಕಟ್ಟಿಗೆ ಎಲ್ಲಿಂದ ತರೋದು? ಬೇರೆ ಯಾವ ಕಟ್ಟಿಗೆ ಆಗುತ್ತೆ?

ತೋಟದಲ್ಲಿ ಆಲ್‌ಸ್ಪೈಸ್ ಮರ ಇರುವ ನೆಂಟರಿದ್ದರೆ ಸವರಿದ ಕೊಂಬೆ, ಎಲೆ ಕೇಳಿ ತನ್ನಿ. ಹಸಿ ಎಲೆಯ ಹಾಸಿನ ಮೇಲೆ ಮಾಂಸ ಇಟ್ಟು ಬೇಯಿಸಿದರೆ ಆ ಎಣ್ಣೆ ನೇರವಾಗಿ ಮಾಂಸಕ್ಕೆ ಇಳಿಯುತ್ತದೆ. ಇಲ್ಲದವರಿಗೆ ಸೀಬೆ ಕಟ್ಟಿಗೆ. ಸೀಬೆ, ನೇರಳೆ, ಲವಂಗ, ಪಿಮೆಂಟೋ ನಾಲ್ಕೂ ಒಂದೇ ಕುಟುಂಬದ ಮರಗಳು. ಅದರಲ್ಲಿ ಸೀಬೆಯ ಹೊಗೆ ಸಿಹಿಯಾಗಿ, ಹದವಾಗಿ ಬರುತ್ತದೆ. ನೀಲಗಿರಿ ಕೂಡ ಅದೇ ಕುಟುಂಬ ಅಂತ ಅದನ್ನು ಹಾಕಲು ಹೋಗಬೇಡಿ, ಔಷಧಿ ವಾಸನೆ ಬಂದು ಮಾಂಸ ಹಾಳು. ಕರಾವಳಿಯವರಿಗೆ ಇನ್ನೊಂದು ಮಾತು: ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ ಅಂತ ಅದನ್ನು ಅಡುಗೆ ಬೆಂಕಿಗೆ ಹಾಕಬೇಡಿ. ಅದರ ಎಣ್ಣೆಯ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಪೆಟ್ಟಿಗೆ ಒಡೆದ ಹಲಗೆ, ಬಣ್ಣ ಬಳಿದ ಮರ ಕೂಡ ಬೇಡ.

ಕೊಂಬೆ ಇಲ್ಲದಿದ್ದರೂ ಒಂದು ಹಿಡಿ ಆಲ್‌ಸ್ಪೈಸ್ ಕಾಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ನಡುನಡುವೆ ಕೆಂಡದ ಮೇಲೆ ಎರಚಿದರೆ ಸಾಕಷ್ಟು ಘಮ ಬರುತ್ತದೆ.

ಜಮೈಕಾದಲ್ಲಿ ಈಗಲೂ ಗುಂಡಿಯಲ್ಲೇ ಮಾಡ್ತಾರಾ? ಡ್ರಮ್ ಅಂದ್ರಲ್ಲ, ಅದೇನು?

ಪೋರ್ಟ್‌ಲ್ಯಾಂಡ್‌ನ ಬಾಸ್ಟನ್ ಬೇ ಅನ್ನುವ ಕಡಲ ತೀರದ ಊರು ಜರ್ಕ್‌ನ ತವರು ಅಂತ ಹೆಸರಾಗಿದೆ. ಅಲ್ಲಿ ಕೆಳಗೆ ಕೆಂಡ, ಅದರ ಮೇಲೆ ಒತ್ತೊತ್ತಾಗಿ ಜೋಡಿಸಿದ ಹಸಿ ಪಿಮೆಂಟೋ ಕೋಲು, ಕೋಲಿನ ಮೇಲೆ ಮಾಂಸ, ಮಾಂಸದ ಮೇಲೆ ತಗಡು. ಕಬ್ಬಿಣದ ಕಂಬಿ ಇಲ್ಲವೇ ಇಲ್ಲ. ಕೋಲು ಕೆಳಗಿನಿಂದ ನಿಧಾನಕ್ಕೆ ಸುಡುತ್ತಾ ಎಣ್ಣೆ ಬಿಡುತ್ತದೆ. ಪಿಮೆಂಟೋ ಸಾಲದಿದ್ದಾಗ ಸ್ವೀಟ್‌ವುಡ್ ಅನ್ನುವ ಮರವನ್ನೂ ಬಳಸುತ್ತಾರೆ.

ಡ್ರಮ್ ಪಟ್ಟಣದ ದಾರಿ. ಎಣ್ಣೆಯ ದೊಡ್ಡ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕೀಲು ಹಾಕಿ, ಕಾಲು ಕಟ್ಟಿದರೆ ಒಲೆಯೂ ಆಯಿತು, ಮುಚ್ಚಳವೂ ಆಯಿತು. ಕಿಂಗ್‌ಸ್ಟನ್ನಿನ ರೆಡ್ ಹಿಲ್ಸ್ ರೋಡಿನಲ್ಲಿ ಸಂಜೆಯಾದರೆ ಇಂಥ ಡ್ರಮ್ಮುಗಳು ಸಾಲಾಗಿ ನಿಲ್ಲುತ್ತವೆ, ಆ ಕೋಳಿಗೆ ಪ್ಯಾನ್ ಚಿಕನ್ ಅನ್ನುತ್ತಾರೆ. ಲಂಡನ್ನಿನಲ್ಲಿ ಆಗಸ್ಟ್ ಕೊನೆಯ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲೂ ಇದೇ ಡ್ರಮ್, ಇದೇ ಹೊಗೆ.

## ಇನ್ನೂ ಕೆಲವು

ಜೊತೆಗೆ ಏನು ಮಾಡೋದು? ಚಪಾತಿ?

ಸಿಹಿ ಅಥವಾ ಸಪ್ಪೆ ಏನಾದರೂ ಬೇಕು, ಖಾರಕ್ಕೆ ಖಾರ ಬೇಡ. ಜಮೈಕಾದಲ್ಲಿ ಫೆಸ್ಟಿವಲ್ ಮಾಡುತ್ತಾರೆ. ಮೆಕ್ಕೆಜೋಳದ ಹಿಟ್ಟು, ಮೈದಾ, ಸಕ್ಕರೆ ಕಲಸಿ ಬೆರಳುದ್ದ ಹೊಸೆದು ಎಣ್ಣೆಯಲ್ಲಿ ಕರಿಯುವುದು. ಬ್ಯಾಮಿ ಅಂದರೆ ಮರಗೆಣಸಿನ ರೊಟ್ಟಿ, ಟೈನೋ ಕಾಲದಿಂದ ಬಂದದ್ದು.

ನಮಗೆ ಸುಲಭದ್ದು ಜೀಗುಜ್ಜೆ. 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಕಡೆಯಿಂದ ಗಿಡಗಳನ್ನು ಹಡಗಿನಲ್ಲಿ ತಂದಿಳಿಸಿದ, ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಊಟ ಹಾಕಲು. ಈಗ ಅದು ಅಲ್ಲಿಯವರ ಅಚ್ಚುಮೆಚ್ಚು. ಇಡೀ ಕಾಯಿಯನ್ನು ಕೆಂಡದಲ್ಲಿ ಕಪ್ಪಾಗುವವರೆಗೆ ಸುಟ್ಟು, ಸಿಪ್ಪೆ ಹೆರೆದು, ಹೋಳು ಮಾಡಿ ಬೆಣ್ಣೆ ಸವರಿ. ನಾವು ಪೋಡಿ, ಪಲ್ಯ ಅಂತ ನಿಂತುಬಿಟ್ಟಿದ್ದೇವೆ, ಒಮ್ಮೆ ಸುಟ್ಟು ನೋಡಿ.

ಅನ್ನ ಬೇಕಾದವರಿಗೆ ರೈಸ್ ಆಂಡ್ ಪೀಸ್, ತೆಂಗಿನ ಹಾಲಿನಲ್ಲಿ ರಾಜ್ಮಾ ಹಾಕಿದ ಅನ್ನ. ಕ್ರಿಸ್ಮಸ್ ಹೊತ್ತಿಗೆ ಗುಂಗೋ ಪೀಸ್ ಹಾಕುತ್ತಾರೆ, ಅದು ನಮ್ಮ ಹಸಿ ತೊಗರಿಕಾಳು. ಒಂದು ಸ್ಕಾಚ್ ಬಾನೆಟ್ಟನ್ನು ಒಡೆಯದೆ ಇಡಿಯಾಗಿ ಮೇಲೆ ತೇಲಿಬಿಟ್ಟು, ಅನ್ನ ಆದ ಮೇಲೆ ಜೋಪಾನವಾಗಿ ಎತ್ತಿಬಿಡುತ್ತಾರೆ. ಪರಿಮಳ ಅನ್ನಕ್ಕೆ, ಖಾರ ಮೆಣಸಿನ ಒಳಗೇ.

ನಮ್ಮ ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಅವರಿಗೆ?

ಎಳೆ ಹಲಸಿನಕಾಯಿ ಹೋಳು, ಸಿಹಿಗೆಣಸು, ಅಣಬೆ. ಅರ್ಧ ಬೆಂದ ಮೇಲೆ ಮಸಾಲೆ ಹಚ್ಚಿ ಕೆಂಡಕ್ಕೆ ಇಡಿ. ಜಮೈಕಾದಲ್ಲಿ ರಾಸ್ತಫಾರಿ ಅನ್ನುವ ಧರ್ಮದವರಲ್ಲಿ ತುಂಬಾ ಜನ ಮಾಂಸ ಮುಟ್ಟುವುದಿಲ್ಲ. ಬೇರೆ ಕಂಬಿ, ಬೇರೆ ಇಕ್ಕಳ ಇಡಿ, ಅದು ಮನೆಯವರಿಗೆ ಕೊಡುವ ಮರ್ಯಾದೆ.

ಯಾವುದಕ್ಕೆ ಬೇಕಾದ್ರೂ ಜರ್ಕ್ ಅಂತ ಹೆಸರಿಟ್ರೆ ತಪ್ಪೇನು?

2018ರಲ್ಲಿ ಬ್ರಿಟನ್ನಿನಲ್ಲಿ ಇದೇ ಜಗಳ ಆಯಿತು. ಟಿವಿಯಲ್ಲಿ ಹೆಸರಾದ ಅಲ್ಲಿಯ ಬಾಣಸಿಗ ಜೇಮಿ ಆಲಿವರ್ ಹೆಸರಿನಲ್ಲಿ ಜರ್ಕ್ ರೈಸ್ ಅಂತ ಪೊಟ್ಟಣ ಬಂತು. ಜಮೈಕಾ ಮೂಲದ ಸಂಸದೆ ಡಾನ್ ಬಟ್ಲರ್ ಅದನ್ನು ಬಹಿರಂಗವಾಗಿ ಖಂಡಿಸಿದರು. ಆಗ ನಾನು ಅಲ್ಲೇ ಇದ್ದೆ. ಅಷ್ಟಕ್ಕೆ ಇಷ್ಟು ಸಿಟ್ಟು ಯಾಕೆ ಅಂದವರೂ ಇದ್ದರು. ನನ್ನ ಅಭಿಪ್ರಾಯ ಹೇಳುತ್ತೇನೆ. ಯಾರು ಬೇಕಾದರೂ ಮಾಡಲಿ, ತಿನ್ನಲಿ, ಬದಲಾಯಿಸಿಕೊಳ್ಳಲಿ. ಪಿಮೆಂಟೋ ಇಲ್ಲದೆ, ಹೊಗೆ ಇಲ್ಲದೆ ಮಾಡಿದ್ದನ್ನು ಖಾರದ ಕೋಳಿ ಅನ್ನಿ, ಅದೂ ರುಚಿಯಾಗಿಯೇ ಇರುತ್ತದೆ. ಜರ್ಕ್ ಅನ್ನುವ ಹೆಸರಿನ ಹಿಂದೆ ಜನ ಇದ್ದಾರೆ. ಆಲೂಗಡ್ಡೆ ಗೊಜ್ಜಿಗೆ ಯಾರಾದರೂ ಬಿಸಿಬೇಳೆಬಾತ್ ಅಂದರೆ ನಮಗೆ ಹೇಗನ್ನಿಸುತ್ತದೆ?

ಜಮೈಕಾಗೆ ಹೋಗ್ತಿದ್ದೀವಿ. ಎಲ್ಲಿ ತಿನ್ನೋದು, ಹೇಗೆ ಕೇಳೋದು?

ಸಾಧ್ಯವಾದರೆ ಬಾಸ್ಟನ್ ಬೇವರೆಗೆ ಹೋಗಿ. ಹೋಟೆಲಿನ ಬಫೆಯಲ್ಲಿ ತಿಂದು ವಾಪಸ್ ಬರಬೇಡಿ. ಮಾಂಸವನ್ನು ತೂಕದಲ್ಲಿ ಕೊಡುತ್ತಾರೆ, ಲೆಕ್ಕ ಪೌಂಡಿನಲ್ಲಿ. ಇಬ್ಬರಿಗೆ ಅರ್ಧ ಪೌಂಡ್ ಹಂದಿ, ಅರ್ಧ ಪೌಂಡ್ ಕೋಳಿ ಕೇಳಿ, ಜೊತೆಗೆ ಫೆಸ್ಟಿವಲ್ ಎರಡು. ತಗಡು ಎತ್ತಿ, ತುಂಡು ತೆಗೆದು, ಮರದ ದಿಮ್ಮಿಯ ಮೇಲೆ ಮಚ್ಚಿನಿಂದ ಮೂಳೆ ಸಮೇತ ಟಕಟಕ ಕೊಚ್ಚಿ ಕೊಡುತ್ತಾರೆ. ಮೂಳೆ ಚೂರು ಇರುತ್ತದೆ, ನಿಧಾನಕ್ಕೆ ಅಗಿಯಿರಿ. ಖಾರದ ಸಾಸ್ ಮೇಲೆ ಸುರಿಯಲಾ ಅಂತ ಕೇಳಿದರೆ ಪಕ್ಕಕ್ಕೆ ಹಾಕಿ ಅನ್ನಿ. ಮೊದಲ ತುತ್ತು ಸಾಸ್ ಇಲ್ಲದೆ ತಿನ್ನಿ.